ಗ್ರಂಥಾಲಯದ ಅಕ್ವೇರಿಯಂ ಹಸಿರಾದದ್ದೇಕೆ?

ನಮ್ಮ ಗ್ರಂಥಾಲಯದ ಬಾಗಿಲ ಪಕ್ಕದಲ್ಲಿರುವ ಅಕ್ವೇರಿಯಂ ಅನ್ನು ನೀವೆಲ್ಲರೂ ನೋಡಿದ್ದೀರಿ. ನೋಡಿದ್ದೀರಿ ಎಂದರೆ, ಗಾಜನ್ನು ನೋಡಿದ್ದೀರಿ. ಜೂನ್‌ನಲ್ಲಿ ಕಾಲೇಜು ಶುರುವಾದಾಗ ಅದರೊಳಗೆ ಮೀನುಗಳಿವೆ ಎಂಬುದನ್ನು ನಂಬಿಕೆಯ ಮೇಲೆಯೇ ಒಪ್ಪಿಕೊಳ್ಳಬೇಕಾಗಿತ್ತು. ನೀರು ಪಾಲಕ್ ಸೊಪ್ಪು ಬೇಯಿಸಿದ ನೀರಿನ ಹಾಗಿತ್ತು. ಒಳಗೆ ನೆಟ್ಟಿದ್ದ ಗಿಡಗಳ ಎಲೆಗಳ ಮೇಲೆ ಕೂದಲಿನಂತಹ ಪಾಚಿ ಜೋತುಬಿದ್ದಿತ್ತು. ಇದನ್ನು ತೆಗೆದು ಆ ಜಾಗದಲ್ಲಿ ದಿನಪತ್ರಿಕೆಗಳ ಸ್ಟ್ಯಾಂಡ್ ಇಡೋಣ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಬಂದಿತ್ತಂತೆ. ಆಗ ಗ್ರಂಥಪಾಲಕ ಸರ್ ನನ್ನನ್ನು ಕರೆದು, 'ನಿಮ್ಮ ಮನೆಯಲ್ಲೂ ಒಂದು ಇದೆಯಲ್ಲ, ಏನಾದರೂ ಮಾಡಲು ಆಗುತ್ತದೆಯೇ ನೋಡಮ್ಮ' ಎಂದರು.

ಅಂದಿನಿಂದ ಸಲಹೆಗಳಿಗೇನೂ ಕೊರತೆಯಾಗಿಲ್ಲ. 'ಪೂರ್ತಿ ನೀರು ಚೆಲ್ಲಿ, ಎಲ್ಲಾ ತೊಳೆದು ಹೊಸ ನೀರು ತುಂಬು', 'ಅಂಗಡಿಯಲ್ಲಿ ಪಾಚಿಯ ಔಷಧಿ ಸಿಗುತ್ತದೆ, ನಾಲ್ಕು ಹನಿ ಹಾಕು', 'ಪಾಚಿ ತಿನ್ನುವ ಮೀನು ತಂದು ಬಿಡು', 'ಗೊಬ್ಬರ ಹಾಕುವುದನ್ನು ನಿಲ್ಲಿಸು'. ಈ ನಾಲ್ಕರಲ್ಲಿ ಮೂರನ್ನು ನಾನು ಕಳೆದ ವರ್ಷ ನಮ್ಮ ಮನೆಯಲ್ಲಿ ಮಾಡಿ ನೋಡಿದ್ದೇನೆ. ಅದರ ಫಲವನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ತಮ್ಮನಿಗಾಗಿ ಅಬ್ಬಾ ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿ ತಂದಿದ್ದರು. ಜಲ್ಲಿ ಹಾಕಿದ ಮೇಲೆ ಅದರಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಎರಡು ತಿಂಗಳಲ್ಲಿ ಪಾಚಿ ಕಟ್ಟಿತು. ರಂಜಾನ್ ಹಬ್ಬಕ್ಕೆ ನೆಂಟರು ಬರುವ ಮೊದಲು ಮನೆ ಸ್ವಚ್ಛ ಮಾಡುವ ಭರದಲ್ಲಿ ನಾನು ತೊಟ್ಟಿಯನ್ನೂ ಸ್ವಚ್ಛ ಮಾಡಿದೆ. ನೀರೆಲ್ಲ ಚೆಲ್ಲಿದೆ. ಜಲ್ಲಿಯನ್ನು ಅಕ್ಕಿಯ ಹಾಗೆ ತೊಳೆದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಕೊಳೆ ಹೋಗುವವರೆಗೂ ಹಿಂಡಿದೆ. ಗಿಡಗಳ ಮೇಲೆ ಉಳಿದ ಪಾಚಿಗೆ ಔಷಧಿ ಹಾಕಿದೆ, ನಾಲ್ಕು ಹನಿಯ ಬದಲು ಎಂಟು ಹನಿ. ತೊಟ್ಟಿ ಕನ್ನಡಿಯಂತಾಯಿತು. ಮರುದಿನ ಫಜ್ರ್ ನಮಾಜಿಗೆ ಎದ್ದಾಗ ಮೂರು ಮೀನುಗಳು ಮೇಲೆ ತೇಲುತ್ತಿದ್ದವು. ಸಂಜೆಯ ಹೊತ್ತಿಗೆ ಇನ್ನೂ ಎರಡು ಹೋದವು. ತಮ್ಮ ಹಬ್ಬದ ದಿನವೂ ನನ್ನ ಜೊತೆ ಮಾತಾಡಲಿಲ್ಲ. ನಾನು ಈ ವಿಷಯ ಓದಲು ಶುರುಮಾಡಿದ್ದು ಆ ಮೇಲೆ.

ಫಿಲ್ಟರಿನ ಸ್ಪಂಜಿನಲ್ಲಿದ್ದದ್ದು ಬರೀ ಕೊಳೆಯಲ್ಲ. ಮೀನಿನ ಮಲ, ಉಳಿದ ಆಹಾರ, ಕೊಳೆತ ಎಲೆ ಇವೆಲ್ಲದರಿಂದ ನೀರಿನಲ್ಲಿ ಅಮೋನಿಯಾ ಉಂಟಾಗುತ್ತದೆ. ಅದು ಮೀನಿಗೆ ವಿಷ. ಸ್ಪಂಜು ಮತ್ತು ಜಲ್ಲಿಯ ಮೇಲೆ ನೆಲೆಸಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಾಯಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಮಾತ್ರ ಸಾಧಾರಣ ಪ್ರಮಾಣದಲ್ಲಿ ಅಪಾಯವಿಲ್ಲದ್ದು, ಮತ್ತು ಅದು ಗಿಡಗಳಿಗೆ ಆಹಾರ. ಈ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಅವುಗಳನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಹತ್ತು ನಿಮಿಷದಲ್ಲಿ ತೊಳೆದು ಹಾಕಿದ್ದೆ. ಅದೇ ಹೊತ್ತಿಗೆ ಔಷಧಿಯಿಂದ ಸತ್ತ ಪಾಚಿ ಕೊಳೆಯತೊಡಗಿ ಇನ್ನಷ್ಟು ಅಮೋನಿಯಾ ಬಿಟ್ಟಿತು, ನೀರಿನ ಆಮ್ಲಜನಕವನ್ನೂ ತಿಂದಿತು. ರಾತ್ರಿ ಬೆಳಕಿಲ್ಲದಾಗ ಗಿಡಗಳೂ ಆಮ್ಲಜನಕ ಕೊಡುವುದಿಲ್ಲ, ತೆಗೆದುಕೊಳ್ಳುತ್ತವೆ. ಅದಕ್ಕೇ ಮೀನುಗಳು ಬೆಳಗಿನ ಜಾವ ಸತ್ತವು.

ಸ್ಪಂಜನ್ನು ತೊಳೆಯಲೇಬಾರದು ಎಂದಲ್ಲ. ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಎರಡು ಸಲ ಮೆಲ್ಲಗೆ ಹಿಂಡಿ ಮರಳಿ ಇಡಬೇಕು, ಅಷ್ಟೆ.

ಈಗ ಪಾಚಿಯ ವಿಷಯ. ನಮ್ಮ ಮನೆಯಲ್ಲಿ ಇದನ್ನು 'ಕಾಯಿ' ಎನ್ನುತ್ತೇವೆ, ಉರ್ದುವಿನಲ್ಲಿ ಪಾಚಿಗೆ ಅದೇ ಹೆಸರು. ಎಂಟನೇ ತರಗತಿಯಲ್ಲಿದ್ದಾಗ 'ನಮ್ಮ ನೀರಿನ ಟ್ಯಾಂಕಿನಲ್ಲಿ ಕಾಯಿ ಬಂದಿದೆ' ಎಂದು ಗೆಳತಿಗೆ ಹೇಳಿದ್ದೆ. ಅವಳು ತೆಂಗಿನಕಾಯಿ ಟ್ಯಾಂಕಿಗೆ ಬಿದ್ದಿದೆ ಎಂದು ತಿಳಿದು 'ತೆಗೆದು ಚಟ್ನಿ ಮಾಡಿ' ಎಂದಿದ್ದಳು. ಜೀವಶಾಸ್ತ್ರದ ಪುಸ್ತಕದಲ್ಲಿ ಅದು ಶೈವಲ. ಹೆಸರು ಯಾವುದಾದರೂ ಇರಲಿ, ಪಾಚಿಗೆ ಬೇಕಾದದ್ದು ಗಿಡಕ್ಕೆ ಬೇಕಾದದ್ದೇ: ಬೆಳಕು, ಇಂಗಾಲದ ಡೈಆಕ್ಸೈಡ್, ಸಾರಜನಕ, ರಂಜಕ, ಪೊಟ್ಯಾಸಿಯಂ, ಮತ್ತು ಕಬ್ಬಿಣದಂತಹ ಕೆಲವು ಧಾತುಗಳು ಅತಿ ಸ್ವಲ್ಪ. ಹಾಗಾಗಿ ಪಾಚಿಗೆ ಕೊಡದೆ ಗಿಡಕ್ಕೆ ಮಾತ್ರ ಕೊಡುವ ಗೊಬ್ಬರ ಯಾವುದೂ ಇಲ್ಲ. ಪಾಚಿಯನ್ನು ಉಪವಾಸ ಕೆಡವುತ್ತೇವೆ ಎಂದು ಹೊರಟರೆ ಮೊದಲು ಉಪವಾಸ ಬೀಳುವುದು ಗಿಡ. ಏಕೆಂದರೆ ಪಾಚಿಯ ಹೊಟ್ಟೆ ಬಹಳ ಚಿಕ್ಕದು. ನಮ್ಮ ಪರೀಕ್ಷೆಯ ಕಿಟ್ ಸೊನ್ನೆ ತೋರಿಸುವಷ್ಟು ಕಡಿಮೆ ಪೋಷಕಾಂಶದಲ್ಲೂ ಅದು ಬದುಕುತ್ತದೆ.

19ನೇ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಒಂದು ನಿಯಮವನ್ನು ಪ್ರಸಿದ್ಧಗೊಳಿಸಿದರು. ಅದಕ್ಕೂ ಮೊದಲೇ ಕಾರ್ಲ್ ಸ್ಪ್ರೆಂಗೆಲ್ ಎಂಬವರು ಅದನ್ನು ಹೇಳಿದ್ದರು. ಗಿಡದ ಬೆಳವಣಿಗೆ ಎಲ್ಲ ಪೋಷಕಾಂಶಗಳ ಒಟ್ಟು ಮೊತ್ತದ ಮೇಲೆ ನಿಂತಿಲ್ಲ, ಎಲ್ಲಕ್ಕಿಂತ ಕಡಿಮೆ ಬಿದ್ದಿರುವ ಒಂದರ ಮೇಲೆ ನಿಂತಿದೆ ಎಂಬುದು ಆ ನಿಯಮ. ಇದನ್ನು ವಿವರಿಸಲು ಎಲ್ಲರೂ ಒಂದು ಮರದ ಪೀಪಾಯಿಯ ಚಿತ್ರ ಬರೆಯುತ್ತಾರೆ, ಒಂದು ಹಲಗೆ ಗಿಡ್ಡವಿದ್ದರೆ ನೀರು ಅಲ್ಲಿಂದಲೇ ಸೋರುತ್ತದೆ. ನನಗೆ ಮನಸ್ಸಿಗೆ ಬರುವುದು ಮದುವೆಯ ಬಿರಿಯಾನಿ. ಐವತ್ತು ಕೆಜಿ ಅಕ್ಕಿ, ಬೇಕಾದಷ್ಟು ಮಸಾಲೆ ಇದ್ದು ಮಾಂಸ ಹತ್ತೇ ಕೆಜಿ ಬಂದರೆ ಬಾವರ್ಚಿ ಹತ್ತು ಕೆಜಿ ಮಾಂಸದ ಬಿರಿಯಾನಿಯನ್ನೇ ಮಾಡುತ್ತಾನೆ. ಉಳಿದ ಅಕ್ಕಿ ಉಗ್ರಾಣದಲ್ಲಿ ಉಳಿಯುತ್ತದೆ. ತೊಟ್ಟಿಯಲ್ಲಿ ಹಾಗೆ ಉಳಿದ ಅಕ್ಕಿಗೆ ಬರುವ ಇಲಿಯೇ ಪಾಚಿ.

ನಮ್ಮ ಮನೆಯಲ್ಲಿ ಆದದ್ದೂ ಇದೇ. ಬೆಳಕು ಬೇಕಾದಷ್ಟಿತ್ತು, ಮೀನಿನ ಆಹಾರದಿಂದ ರಂಜಕ ಬರುತ್ತಿತ್ತು, ಆದರೆ ಪೊಟ್ಯಾಸಿಯಂ ಮತ್ತು ಸಾರಜನಕ ಮುಗಿದಿದ್ದವು. ಗಿಡಗಳು ನಿಂತುಹೋದವು. ನಿಂತ ಗಿಡದ ಹಳೆಯ ಎಲೆಗಳು ಕೊಳೆಯುತ್ತವೆ, ಅದೇ ಪಾಚಿ ಹಿಡಿಯುವ ಮೊದಲ ಜಾಗ. ನಾನು 'ಪಾಚಿ ಬಂದಿದೆ, ಗೊಬ್ಬರ ನಿಲ್ಲಿಸೋಣ' ಎಂದು ಇದ್ದ ಸ್ವಲ್ಪವನ್ನೂ ನಿಲ್ಲಿಸಿದ್ದೆ.

ಇದರಲ್ಲಿ ತಿಳಿದವರಲ್ಲೇ ಒಂದು ದೊಡ್ಡ ವಾದ ನಡೆದಿದೆ. 1996ರಲ್ಲಿ ಪಾಲ್ ಸಿಯರ್ಸ್ ಮತ್ತು ಕೆವಿನ್ ಕಾನ್ಲಿನ್ ಎಂಬಿಬ್ಬರು ಗಿಡದ ಅಕ್ವೇರಿಯಂನಲ್ಲಿ ಪಾಚಿಯ ಹತೋಟಿಯ ಕುರಿತು ಒಂದು ಲೇಖನ ಬರೆದರು. ಸಾರಜನಕ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕಬ್ಬಿಣ ಎಲ್ಲವನ್ನೂ ಧಾರಾಳ ಕೊಡಿ, ರಂಜಕವನ್ನು ಮಾತ್ರ ಕೊಡಬೇಡಿ, ಆಗ ಗಿಡಗಳು ಸಿಕ್ಕಿದ ರಂಜಕವನ್ನೆಲ್ಲ ಹೀರಿ ಪಾಚಿಗೆ ಏನೂ ಉಳಿಸುವುದಿಲ್ಲ ಎಂಬುದು ಅವರ ವಾದ. ಅಗ್ಗದ ಪುಡಿಗಳಿಂದ ಮಾಡಿದ ಆ ಮಿಶ್ರಣಕ್ಕೆ ಅವರಿಟ್ಟ ಹೆಸರಿನ ಅರ್ಥ 'ಬಡವರ ಗೊಬ್ಬರದ ಹನಿಗಳು'. ಆಮೇಲೆ ಅಮೆರಿಕದ ಟಾಮ್ ಬಾರ್ ಎಂಬವರು ಇದಕ್ಕೆ ಉಲ್ಟಾ ಮಾಡಿ ತೋರಿಸಿದರು. ಗಿಡಗಳು ತುಂಬಿ ಚೆನ್ನಾಗಿ ಬೆಳೆಯುತ್ತಿರುವ ತೊಟ್ಟಿಗೆ ರಂಜಕವನ್ನು ಸೇರಿಸಿದರೂ ಪಾಚಿ ಬರಲಿಲ್ಲ, ಗಿಡಗಳು ಇನ್ನೂ ಚೆನ್ನಾಗಿ ಬೆಳೆದವು. ಯಾವುದೂ ಕಡಿಮೆ ಬೀಳದಂತೆ ಎಲ್ಲವನ್ನೂ ಸ್ವಲ್ಪ ಹೆಚ್ಚೇ ಕೊಟ್ಟು, ವಾರಕ್ಕೊಮ್ಮೆ ಅರ್ಧ ನೀರು ಬದಲಾಯಿಸಿ ಹೆಚ್ಚಾದದ್ದನ್ನು ಹೊರಹಾಕುವುದು ಅವರ ಪದ್ಧತಿ.

ಹಾಗಾದರೆ ಕೆರೆಗಳಲ್ಲಿ ರಂಜಕದಿಂದ ಪಾಚಿ ಬರುತ್ತದೆ ಎಂದು ನಾವು ಓದಿದ್ದು ಸುಳ್ಳೇ? ಸುಳ್ಳಲ್ಲ. 1973ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಮತ್ತು ಅವರ ತಂಡ 226ನೇ ಸಂಖ್ಯೆಯ ಸರೋವರವನ್ನು ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ ಮತ್ತು ಸಾರಜನಕ ಹಾಕಿದರು, ಒಂದಕ್ಕೆ ಮಾತ್ರ ರಂಜಕವನ್ನೂ ಹಾಕಿದರು. ರಂಜಕ ಹಾಕಿದ ಭಾಗ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಸರೋವರದ ಚಿತ್ರ ಪ್ರಸಿದ್ಧವಾಗಿದೆ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಚರಂಡಿ ನೀರು ಸೇರಿ ಜೊಂಡು, ನೊರೆ ತುಂಬಿದ್ದನ್ನು ನಾವು ಟಿವಿಯಲ್ಲಿ ನೋಡಿದ್ದೇವೆ.

ವ್ಯತ್ಯಾಸ ಎಲ್ಲಿದೆ ಎಂದು ನಾನು ತುಂಬಾ ದಿನ ಯೋಚಿಸಿದೆ. ನನಗೆ ತಿಳಿದ ಉತ್ತರ ಇದು: ಆ ಸರೋವರದ ನಡುನೀರಿನಲ್ಲಿ ಆಹಾರಕ್ಕೆ ಪೈಪೋಟಿ ಕೊಡುವ ದೊಡ್ಡ ಗಿಡಗಳಿಲ್ಲ. ಬೆಳಕು ಸೂರ್ಯನದು, ಅದನ್ನು ಕಡಿಮೆ ಮಾಡಲು ಸ್ವಿಚ್ಚಿಲ್ಲ. ವಾರಕ್ಕೊಮ್ಮೆ ಅರ್ಧ ನೀರು ಬದಲಾಯಿಸುವವರೂ ಇಲ್ಲ. ನಮ್ಮ ತೊಟ್ಟಿಯಲ್ಲಿ ಈ ಮೂರೂ ಇವೆ. ಅಂದರೆ ಬಾರ್ ಹೇಳಿದ್ದು ಗಿಡ ತುಂಬಿದ ತೊಟ್ಟಿಗೆ ಮಾತ್ರ ನಿಜ. ಎರಡು ಕಡ್ಡಿ ನೆಟ್ಟು ಗೊಬ್ಬರ ಸುರಿದರೆ ನಮ್ಮದೂ 226ನೇ ಸರೋವರವೇ ಆಗುತ್ತದೆ. ಗ್ರಂಥಾಲಯದ ತೊಟ್ಟಿಗೆ ನಾನು ಮೊದಲು ತಂದದ್ದು ಔಷಧಿಯಲ್ಲ, ಒಂದು ಬಕೆಟ್ ಹೈಡ್ರಿಲ್ಲಾ. ದ್ಯುತಿಸಂಶ್ಲೇಷಣೆಯ ಪ್ರಯೋಗದಲ್ಲಿ ಆಲಿಕೆಯ ಕೆಳಗೆ ಇಟ್ಟು ಗುಳ್ಳೆ ಎಣಿಸಿದ್ದೆವಲ್ಲ, ಅದೇ ಗಿಡ. ಅದು ಬೇಗ ಬೆಳೆಯುತ್ತದೆ, ಬೇಗ ಹೀರುತ್ತದೆ, ಹಾಸಿಗೆಯಂತೆ ಬೆಳೆದಾಗ ಕತ್ತರಿಸಿ ತೆಗೆದರೆ ಹೀರಿದ ಸಾರಜನಕವೂ ರಂಜಕವೂ ಅದರ ಜೊತೆಗೇ ಹೊರಗೆ ಹೋಗುತ್ತವೆ.

ಆದರೆ ಬೆಳಕನ್ನು ಸರಿಮಾಡದೆ ಉಳಿದದ್ದು ಏನು ಮಾಡಿದರೂ ವ್ಯರ್ಥ. ಬೆಳಕು ಹೆಚ್ಚಾದಷ್ಟೂ ಗಿಡ ಹೆಚ್ಚು ಇಂಗಾಲ ಕೇಳುತ್ತದೆ, ಇಂಗಾಲ ಸಿಕ್ಕರೆ ಹೆಚ್ಚು ಗೊಬ್ಬರ ಕೇಳುತ್ತದೆ. ಬೆಳಕು ಮಾತ್ರ ಕೊಟ್ಟು ಉಳಿದದ್ದು ಕೊಡದಿದ್ದರೆ ಗಿಡದ ಕೈಯಲ್ಲಿ ಆಗದ ಆ ಬೆಳಕು ಪಾಚಿಗೆ ಹೋಗುತ್ತದೆ. ನಮ್ಮ ಮೊಹಲ್ಲಾದ ಮಸೀದಿಯಲ್ಲಿ ವುಜೂ ಮಾಡುವ ಹೌಜ್ ಮೊದಲು ಬಯಲಿನಲ್ಲಿತ್ತು, ತಿಂಗಳಿಗೆರಡು ಸಲ ಉಜ್ಜಬೇಕಾಗುತ್ತಿತ್ತು. ಮೇಲೆ ಶೀಟ್ ಹಾಕಿಸಿದ ಮೇಲೆ ಆ ಕೆಲಸ ತುಂಬಾ ಕಡಿಮೆಯಾಯಿತು ಎಂದು ಅಬ್ಬಾ ಹೇಳುತ್ತಾರೆ. ನೀರು ಅದೇ, ಜನ ಅದೇ, ಬದಲಾದದ್ದು ಬಿಸಿಲು.

ಗ್ರಂಥಾಲಯದ ತೊಟ್ಟಿಯ ದೀಪ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆದಾಗ ಹೊತ್ತಿ ಸಂಜೆ ಐದಕ್ಕೆ ಆರುತ್ತಿತ್ತು. ಎಷ್ಟೋ ಶನಿವಾರ ಆರಿಸುವುದು ಮರೆತು ಸೋಮವಾರದವರೆಗೆ ಉರಿದದ್ದೂ ಇದೆ. ಮೇಲಾಗಿ ಪೂರ್ವದ ಕಿಟಕಿಯಿಂದ ಬೆಳಗಿನ ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು. ಈಗ ಒಂದು ಟೈಮರ್ ಹಾಕಿದ್ದೇವೆ, ದೀಪ ಹತ್ತಕ್ಕೆ ಹೊತ್ತಿ ನಾಲ್ಕಕ್ಕೆ ಆರುತ್ತದೆ, ಅಂದರೆ ಆರು ಗಂಟೆ. ಸಾಮಾನ್ಯವಾಗಿ ಆರರಿಂದ ಎಂಟು ಗಂಟೆ ಸಾಕು. ಕಿಟಕಿಗೆ ಪರದೆ ಬಂದಿದೆ. 'ದೀಪ ಏಕೆ ಆರಿದೆ' ಎಂದು ಸ್ವಿಚ್ಚು ಹಾಕಿ ಹೋಗುವ ಪುಣ್ಯಾತ್ಮರು ದಯವಿಟ್ಟು ಇದನ್ನು ಗಮನಿಸಬೇಕು.

ಇಂಗಾಲದ ಡೈಆಕ್ಸೈಡ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಗಾಳಿಯಿಂದ ತಾನಾಗಿಯೇ ನೀರಿನಲ್ಲಿ ಕರಗುವುದು ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ ಮಾತ್ರ. ಸಿಲಿಂಡರ್ ಇಟ್ಟು ಅದನ್ನು 30 ಮಿಲಿಗ್ರಾಂವರೆಗೆ ಏರಿಸುವವರಿದ್ದಾರೆ, ಚಿತ್ರಗಳಲ್ಲಿ ನೋಡುವ ಕಾಡಿನಂತಹ ತೊಟ್ಟಿಗಳು ಹಾಗೆ ಆಗುವುದು. ಸಕ್ಕರೆ, ಈಸ್ಟ್ ಹಾಕಿದ ಬಾಟಲಿಯಿಂದಲೂ ಅನಿಲ ಬರುತ್ತದೆ. ನಾನು ಮಾಡಿದ್ದೆ. ಮೊದಲ ವಾರ ಜೋರು, ಎರಡನೇ ವಾರ ಮಂದ, ಆಮೇಲೆ ಸೊನ್ನೆ. ಈ ಏರಿಳಿತಕ್ಕೆ ಎಲೆಯ ಅಂಚಿನಲ್ಲಿ ಕಪ್ಪು ಗಡ್ಡದಂತಹ ಪಾಚಿ ಬಂತು. ಅದು ಕಪ್ಪಗೆ ಕಂಡರೂ ಕೆಂಪು ಪಾಚಿಯ ಕುಲದ್ದು, ಉಜ್ಜಿದರೆ ಬರುವುದಿಲ್ಲ, ಎಲೆಯನ್ನೇ ಕತ್ತರಿಸಬೇಕು. ಅನಿಲ ಸ್ಥಿರವಾಗಿ ಕೊಡಲು ಆಗದಿದ್ದರೆ ಕೊಡದೆ, ಬೆಳಕನ್ನು ಕಡಿಮೆ ಇಡುವುದೇ ಮೇಲು. ಕಾಲೇಜಿನ ತೊಟ್ಟಿಯಲ್ಲಿ ಅದನ್ನೇ ಮಾಡಿದ್ದೇವೆ.

ಇನ್ನು ನಮ್ಮ ಕಾಮರ್ಸ್‌ನವರಿಗೆ ಇಷ್ಟವಾಗುವ ಭಾಗ. ತೊಟ್ಟಿಗೂ ಒಂದು ಖಾತೆ ತೆರೆಯಬಹುದು. ಆರಂಭದ ಶಿಲ್ಕು ಎಂದರೆ ನೀವು ತುಂಬುವ ನೀರಿನಲ್ಲಿ ಮೊದಲೇ ಇರುವುದು. ನಮ್ಮ ರಾಜ್ಯದ ಅನೇಕ ಜಿಲ್ಲೆಗಳ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಜಾಸ್ತಿ ಇದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಿಮ್ಮ ನೀರಿನಲ್ಲೇ ಅಷ್ಟಿದ್ದರೆ ನೈಟ್ರೇಟ್ ಗೊಬ್ಬರ ಹಾಕುವುದು ವ್ಯರ್ಥ, ಮತ್ತು ನೀರು ಬದಲಾಯಿಸಿದರೂ ನೈಟ್ರೇಟ್ ಇಳಿಯುವುದಿಲ್ಲ. ಆದ್ದರಿಂದ ತೊಟ್ಟಿಯ ನೀರಿಗೆ ಮೊದಲು ನಲ್ಲಿಯ ನೀರನ್ನು ಪರೀಕ್ಷಿಸಿ. ನಾನು ಇದನ್ನು ಮೂರು ತಿಂಗಳು ತಡವಾಗಿ ಮಾಡಿದೆ.

ಜಮೆಯ ಕಡೆಯಲ್ಲಿ ಗೊಬ್ಬರಕ್ಕಿಂತ ಮೊದಲು ಬರುವುದು ಮೀನಿನ ಆಹಾರ. ಒಂದು ಗ್ರಾಂ ಆಹಾರದಲ್ಲಿ ಶೇಕಡಾ 40 ಪ್ರೋಟೀನ್ ಇದೆ ಎಂದುಕೊಳ್ಳಿ, 0.4 ಗ್ರಾಂ ಆಯಿತು. ಪ್ರೋಟೀನಿನಲ್ಲಿ ಸುಮಾರು ಶೇಕಡಾ 16 ಸಾರಜನಕ, ಅಂದರೆ 0.064 ಗ್ರಾಂ. ಅದೆಲ್ಲ ನೈಟ್ರೇಟ್ ಆದರೆ ಸುಮಾರು 0.28 ಗ್ರಾಂ. 50 ಲೀಟರಿನ ತೊಟ್ಟಿಯಲ್ಲಿ ಅದು ಲೀಟರಿಗೆ 5.7 ಮಿಲಿಗ್ರಾಂ. ಒಂದು ಪಾಲನ್ನು ಮೀನು ತನ್ನ ಮೈಗೆ ಹಾಕಿಕೊಳ್ಳುವುದರಿಂದ ನಿಜವಾದ ಅಂಕಿ ಇದಕ್ಕಿಂತ ಕಡಿಮೆ. ಆದರೆ ತಿನ್ನದೆ ಉಳಿದದ್ದು ಪೂರ್ತಿ ನೀರಿಗೇ ಸೇರುತ್ತದೆ. ಮೀನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕು. ವಿರಾಮದ ವೇಳೆಯಲ್ಲಿ ಬಿಸ್ಕತ್ತು, ಚಿಪ್ಸ್ ಮತ್ತು ಒಂದು ಸಲ ಸಮೋಸಾದ ತುದಿ ಹಾಕಿದವರಿಗೂ ಈ ಮಾತು ಸೇರಿದೆ.

ಗಿಡಕ್ಕೆ ಬೇಕಾದ ಉಳಿದದ್ದನ್ನು ನಾವೇ ಕೊಡಬೇಕು. ಅಕ್ವೇರಿಯಂ ಅಂಗಡಿಯ ಚಿಕ್ಕ ಬಾಟಲಿಗಳು ದುಬಾರಿ. ಆದರೆ ಅವುಗಳೊಳಗಿನ ವಸ್ತು ಹನಿ ನೀರಾವರಿಯ ರೈತರು ಬಳಸುವ ಪುಡಿಯೇ. ಗೊಬ್ಬರದ ಅಂಗಡಿಯಲ್ಲಿ 13-0-45 ಎಂದು ಕೇಳಿದರೆ ಪೊಟ್ಯಾಸಿಯಂ ನೈಟ್ರೇಟ್, 0-52-34 ಎಂದರೆ ಮೋನೊ ಪೊಟ್ಯಾಸಿಯಂ ಫಾಸ್ಫೇಟ್. ಅಂಗಡಿಯವರು 'ಯಾವ ಬೆಳೆಗೆ?' ಎಂದು ಕೇಳಿದಾಗ ಅಬ್ಬಾ 'ಮೀನಿಗೆ' ಎಂದದ್ದು ಈಗಲೂ ನಮ್ಮ ಮನೆಯ ನಗು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಯೂರಿಯಾ, ಡಿಎಪಿ, 19-19-19 ಇವುಗಳನ್ನು ತೊಟ್ಟಿಗೆ ಹಾಕಲೇಬಾರದು. ಅವುಗಳಲ್ಲಿರುವ ಸಾರಜನಕ ಪೂರ್ತಿಯಾಗಿ ಅಥವಾ ಬಹುಪಾಲು ಯೂರಿಯಾ ಇಲ್ಲವೇ ಅಮೋನಿಯಂ ರೂಪದಲ್ಲಿದೆ, ಮೀನು ಸಾಯುತ್ತದೆ. ಪೊಟ್ಯಾಸಿಯಂ ನೈಟ್ರೇಟನ್ನು ಬೆಂಕಿಯಿಂದ ದೂರ ಇಡಬೇಕು ಎಂದು ರಸಾಯನಶಾಸ್ತ್ರದ ಮೇಡಂ ಎರಡು ಸಲ ಹೇಳಿದ್ದಾರೆ, ನಾನೂ ಹೇಳುತ್ತಿದ್ದೇನೆ.

ಮೇಡಂ ಲ್ಯಾಬಿನ ತಕ್ಕಡಿಯಲ್ಲಿ ತೂಗಲು ಬಿಟ್ಟರು. ಅರ್ಧ ಲೀಟರ್ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, 1 ಗ್ರಾಂ ಮೋನೊ ಪೊಟ್ಯಾಸಿಯಂ ಫಾಸ್ಫೇಟ್. ಇದರ 50 ಮಿಲಿಲೀಟರಿನಲ್ಲಿ ಮೊದಲನೆಯದು 1 ಗ್ರಾಂ, ಎರಡನೆಯದು 0.1 ಗ್ರಾಂ ಇರುತ್ತದೆ. ಪೊಟ್ಯಾಸಿಯಂ ನೈಟ್ರೇಟಿನ ತೂಕದಲ್ಲಿ ಶೇಕಡಾ 61ರಷ್ಟು ನೈಟ್ರೇಟ್. ಹಾಗಾಗಿ 50 ಲೀಟರಿನ ತೊಟ್ಟಿಗೆ 50 ಮಿಲಿ ಹಾಕಿದರೆ ಲೀಟರಿಗೆ ಸುಮಾರು 12 ಮಿಲಿಗ್ರಾಂ ನೈಟ್ರೇಟ್, 1.4 ಮಿಲಿಗ್ರಾಂ ಫಾಸ್ಫೇಟ್, 8 ಮಿಲಿಗ್ರಾಂ ಪೊಟ್ಯಾಸಿಯಂ ಸೇರುತ್ತವೆ. ಬಾರ್ ಪದ್ಧತಿಯವರು ಇಟ್ಟುಕೊಳ್ಳುವ ಗುರಿ ಸ್ಥೂಲವಾಗಿ ನೈಟ್ರೇಟ್ 10ರಿಂದ 30, ಫಾಸ್ಫೇಟ್ 1ರಿಂದ 3, ಪೊಟ್ಯಾಸಿಯಂ 10ರಿಂದ 30. ಮನೆಯ ತೊಟ್ಟಿಗೆ ನಾನು ವಾರಕ್ಕೆ 50 ಮಿಲಿಯನ್ನು ಎರಡು ಸಲವಾಗಿ ಹಾಕುತ್ತೇನೆ. ಗ್ರಂಥಾಲಯದ್ದು 100 ಲೀಟರ್, ಲೆಕ್ಕದ ಪ್ರಕಾರ 100 ಮಿಲಿ ಆಗಬೇಕು. ಆದರೆ ಅಲ್ಲಿ ಬೆಳಕು ಕಡಿಮೆ, ಮೀನು ಹೆಚ್ಚು, ಅದಕ್ಕೆ 50 ಮಿಲಿ ಮಾತ್ರ. ಕಬ್ಬಿಣ ಮತ್ತು ಇತರ ಸೂಕ್ಷ್ಮ ಧಾತುಗಳ ದ್ರಾವಣವನ್ನು ಬೇರೆ ಬಾಟಲಿಯಲ್ಲಿ ಇಟ್ಟು ಬೇರೆ ದಿನ ಹಾಕುತ್ತೇನೆ. ಫಾಸ್ಫೇಟಿನ ಜೊತೆ ಬೆರೆತರೆ ಕಬ್ಬಿಣ ತಳದಲ್ಲಿ ಕೂತುಬಿಡುತ್ತದೆ.

'ವಾರ ವಾರ ಹಾಕುತ್ತಾ ಹೋದರೆ ಏರುತ್ತಲೇ ಹೋಗುವುದಿಲ್ಲವೇ?' ಎಂದು ನನ್ನ ಬೆಂಚಿನ ಗೆಳತಿ ಕೇಳಿದಳು. ಇಲ್ಲಿ ನಮ್ಮ ಅಕೌಂಟೆನ್ಸಿಯ ಸವಕಳಿ ಪಾಠ ಕೆಲಸಕ್ಕೆ ಬಂತು. ಯಂತ್ರದ ಉಳಿದ ಬೆಲೆಯ ಮೇಲೆ ಪ್ರತಿವರ್ಷ ಶೇಕಡಾವಾರು ಕಳೆಯುವ ಪದ್ಧತಿ ಇದೆಯಲ್ಲ, ವಾರಕ್ಕೊಮ್ಮೆ ಅರ್ಧ ನೀರು ಬದಲಾಯಿಸುವುದೆಂದರೆ ಅದೇ, ದರ ಶೇಕಡಾ 50. ಗಿಡಗಳು ಏನನ್ನೂ ಹೀರದಿದ್ದರೂ, ಮೊದಲ ವಾರ ನೈಟ್ರೇಟ್ 12. ಅರ್ಧ ಹೋಗಿ 6, ಮತ್ತೆ 12 ಸೇರಿ 18. ಮುಂದೆ 21, ಆಮೇಲೆ 22.5. ಹೀಗೆ 24ರ ಹತ್ತಿರ ಹೋಗುತ್ತದೆ, ದಾಟುವುದಿಲ್ಲ. ವಾರದ ಗೊಬ್ಬರದ ಎರಡು ಪಟ್ಟೇ ಅದರ ಗರಿಷ್ಠ. ಕಾಲು ಭಾಗ ಮಾತ್ರ ಬದಲಾಯಿಸಿದರೆ ನಾಲ್ಕು ಪಟ್ಟು, 48ರವರೆಗೆ ಏರಬಹುದು. ಬದಲಾಯಿಸದೇ ಇದ್ದರೆ ಮಿತಿಯೇ ಇಲ್ಲ. ನೋಡಿ, ಕಿಟ್ ಕೊಳ್ಳಲು ಹಣವಿಲ್ಲದವರೂ ಬಕೆಟ್ ಇದ್ದರೆ ತೊಟ್ಟಿಯ ಲೆಕ್ಕ ಹಿಡಿದಿಡಬಹುದು. ತೆಗೆದ ನೀರನ್ನು ಚರಂಡಿಗೆ ಚೆಲ್ಲಬೇಡಿ. ನಮ್ಮ ಮನೆಯಲ್ಲಿ ಅದು ಕರಿಬೇವು ಮತ್ತು ಮೆಹಂದಿ ಗಿಡಕ್ಕೆ ಹೋಗುತ್ತದೆ, ಕರಿಬೇವಿನ ಬೆಳವಣಿಗೆ ನೋಡಿ ಪಕ್ಕದ ಮನೆಯ ಆಂಟಿ ತಮಗೂ ಒಂದು ಬಕೆಟ್ ಕೇಳುತ್ತಾರೆ. ಹೊಸ ನೀರು ನಲ್ಲಿಯದಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿ, ಅಥವಾ ಹಿಂದಿನ ದಿನವೇ ಹಿಡಿದು ತೆರೆದಿಡಿ.

ಲೆಕ್ಕ ಸರಿಯಿದೆಯೇ ಎಂದು ಎಲೆಗಳೇ ಹೇಳುತ್ತವೆ. ಸಾರಜನಕ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ತೆಗೆದು ಹೊಸ ಎಲೆಗೆ ಕೊಡುತ್ತದೆ, ತಾಯಂದಿರು ಮಾಡುವ ಹಾಗೆ. ಆದ್ದರಿಂದ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಪೊಟ್ಯಾಸಿಯಂ ಕಡಿಮೆಯಾದರೂ ಹಳೆಯ ಎಲೆಗೇ ಪೆಟ್ಟು, ಸೂಜಿ ಚುಚ್ಚಿದಂತಹ ತೂತುಗಳು ಬೀಳುತ್ತವೆ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಬರುವುದಿಲ್ಲ, ಹಾಗಾಗಿ ಹೊಸ ಚಿಗುರು ಬಿಳಿಚಿಕೊಂಡರೆ ಕಬ್ಬಿಣ ಕೇಳುತ್ತಿದೆ ಎಂದರ್ಥ. ಗಾಜಿನ ಮೇಲೆ ಗಟ್ಟಿಯಾದ ಹಸಿರು ಚುಕ್ಕಿಗಳು ಪದೇ ಪದೇ ಬಂದರೆ ರಂಜಕ ಸಾಲದು ಎನ್ನುತ್ತಾರೆ, ನನ್ನ ಅನುಭವದಲ್ಲೂ ಫಾಸ್ಫೇಟ್ ಸೇರಿಸಿದ ಮೇಲೆ ಅದು ಕಡಿಮೆಯಾಯಿತು. ಹೊಸ ತೊಟ್ಟಿಯಲ್ಲಿ ಬರುವ ಕಂದು ಧೂಳಿಗೆ ಏನೂ ಮಾಡಬೇಕಿಲ್ಲ, ಒರೆಸುತ್ತಾ ಕಾದರೆ ತಾನೇ ಹೋಗುತ್ತದೆ. ಹಾಳೆಯಂತೆ ಎದ್ದು ಬರುವ, ಕೆಟ್ಟ ವಾಸನೆಯ ನೀಲಿ-ಹಸಿರು ಲೋಳೆ ನಿಜವಾಗಿ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ.

ಪಾಚಿ ತಿನ್ನುವ ಮೀನಿನ ಮಾತು ಉಳಿಯಿತು. ಅಂಗಡಿಯಲ್ಲಿ ಎರಡು ಇಂಚಿನ ಸಕ್ಕರ್ ಮೀನು ಕೊಡುತ್ತಾರೆ. ಅದು ಒಂದು ಅಡಿಗಿಂತ ಹೆಚ್ಚು ಬೆಳೆಯುತ್ತದೆ, ತಾನು ತಿಂದದ್ದಕ್ಕಿಂತ ಹೆಚ್ಚು ಕೊಳಕು ಮಾಡುತ್ತದೆ. ಆಗ ಜನ ಅದನ್ನು ಒಯ್ದು ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಆ ಮೀನು ಹೀಗೆಯೇ ನಮ್ಮ ದೇಶದ ಕೆರೆ, ನದಿಗಳನ್ನು ಸೇರಿ ಮೀನುಗಾರರ ಬಲೆಗಳನ್ನು ಹಾಳುಮಾಡುತ್ತಿದೆ. ದಯವಿಟ್ಟು ತರಬೇಡಿ, ತಂದಿದ್ದರೆ ಕೆರೆಗೆ ಬಿಡಬೇಡಿ. ಜಪಾನಿನ ತಕಾಶಿ ಅಮಾನೊ ಗಿಡದ ಅಕ್ವೇರಿಯಂಗಳನ್ನು ಒಂದು ಕಲೆಯಾಗಿ ಬೆಳೆಸಿದವರು, ಪಾಚಿ ತಿನ್ನಲು ಅವರು ಬಳಸಿದ ಚಿಕ್ಕ ಸೀಗಡಿಗೆ ಇಂದು ಅವರದೇ ಹೆಸರು. ಸೀಗಡಿ, ಬಸವನಹುಳು ನಿಜಕ್ಕೂ ಸಹಾಯ ಮಾಡುತ್ತವೆ. ಆದರೆ ತಾಮ್ರವಿರುವ ಔಷಧಿ ಹಾಕಿದರೆ ಮೊದಲು ಸಾಯುವುದೂ ಅವೇ.

ಗ್ರಂಥಾಲಯದ ತೊಟ್ಟಿಯ ಹಸಿರು ನೀರಿಗೆ ನಾವು ಮಾಡಿದ್ದು ಕತ್ತಲೆ. ಜುಲೈನಲ್ಲಿ ಒಂದು ಶನಿವಾರ ಮಧ್ಯಾಹ್ನ ಅರ್ಧ ನೀರು ಬದಲಾಯಿಸಿ, ಗಾಳಿಯ ಪಂಪನ್ನು ಚಾಲೂ ಇಟ್ಟು, ಕಪ್ಪು ಚಾದರದಿಂದ ಪೂರ್ತಿ ಮುಚ್ಚಿದೆವು. ನೀರಿನಲ್ಲಿ ತೇಲುವ ಪಾಚಿ ಮೂರು ದಿನದ ಕತ್ತಲೆಯನ್ನು ತಾಳುವುದಿಲ್ಲ, ಗಿಡಗಳು ತಾಳುತ್ತವೆ, ಮೀನಿಗೆ ಮೂರು ದಿನ ಆಹಾರವಿಲ್ಲದಿದ್ದರೂ ನಡೆಯುತ್ತದೆ. ಸೋಮವಾರ ಚಾದರ ನೋಡಿದವರು ಮೀನುಗಳೆಲ್ಲ ಸತ್ತಿವೆ ಎಂದು ಸುದ್ದಿ ಹಬ್ಬಿಸಿದರು, ಒಬ್ಬರು 'ಇನ್ನಾ ಲಿಲ್ಲಾಹಿ' ಕೂಡ ಹೇಳಿದರಂತೆ. ಮಂಗಳವಾರ ಮಧ್ಯಾಹ್ನ ತೆಗೆದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನೀರು ಮಬ್ಬಾಗಿತ್ತು, ಹಸಿರಿರಲಿಲ್ಲ. ಹದಿನಾಲ್ಕು ಮೀನುಗಳನ್ನು ಎಣಿಸಿದೆವು. ಎಷ್ಟಿದ್ದವು ಎಂದು ಅದಕ್ಕೂ ಮೊದಲು ಯಾರಿಗೂ ತಿಳಿದಿರಲಿಲ್ಲ. ಸತ್ತ ಪಾಚಿ ಕೊಳೆಯುವ ಮೊದಲೇ ಮತ್ತೆ ಅರ್ಧ ನೀರು ಬದಲಾಯಿಸಿದೆವು. ಟೈಮರ್, ಪರದೆ, ಹೈಡ್ರಿಲ್ಲಾ, ಗೊಬ್ಬರ ಎಲ್ಲ ಅದರ ನಂತರ ಶುರುವಾದದ್ದು.

ಈಗ ಆರು ವಾರವಾಗಿದೆ. ನೀರು ತಿಳಿಯಾಗಿದೆ. ನಿಧಾನ ಬೆಳೆಯುವ ಗಿಡಗಳ ದಪ್ಪ ಎಲೆಗಳ ಮೇಲೆ ಹಸಿರು ಚುಕ್ಕಿ ಇನ್ನೂ ಇದೆ, ಒಂದು ಮೂಲೆಯಲ್ಲಿ ಕೂದಲು ಪಾಚಿಯನ್ನು ವಾರಕ್ಕೊಮ್ಮೆ ಹಳೆಯ ಟೂತ್‌ಬ್ರಶ್‌ಗೆ ಸುತ್ತಿ ತೆಗೆಯುತ್ತೇನೆ. ಪಾಚಿ ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ದಿನಪತ್ರಿಕೆಯ ಸ್ಟ್ಯಾಂಡಿಗೆ ಸರ್ ಮೆಟ್ಟಿಲ ಬಳಿ ಜಾಗ ನೋಡಿದ್ದಾರೆ.

ತೊಟ್ಟಿಯ ಪಕ್ಕದಲ್ಲಿ ದಾರ ಕಟ್ಟಿದ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ಯಾರು ಎಷ್ಟು ಆಹಾರ ಹಾಕಿದರು, ಯಾವ ದಿನ ಎಷ್ಟು ಮಿಲಿ ಗೊಬ್ಬರ, ಎಷ್ಟು ಬಕೆಟ್ ನೀರು ಹೋಯಿತು ಬಂತು ಎಲ್ಲ ಅದರಲ್ಲಿದೆ. ಮಾರ್ಚ್‌ನಲ್ಲಿ ನಮ್ಮ ದ್ವಿತೀಯ ಪಿಯು ಪರೀಕ್ಷೆ ಮುಗಿದರೆ ನಾನು ಇಲ್ಲಿರುವುದಿಲ್ಲ, ಪ್ರಥಮ ಪಿಯುವಿನ ಇಬ್ಬರಾದರೂ ಈಗಲೇ ಕಲಿತುಕೊಂಡರೆ ಒಳ್ಳೆಯದು. ನೀರು ಬದಲಾಯಿಸುವುದು ಪ್ರತಿ ಗುರುವಾರ ಕೊನೆಯ ಪೀರಿಯಡ್ ಮುಗಿದ ಮೇಲೆ. ಬಕೆಟ್ ಎರಡೇ ಇವೆ, ಒಂದರ ಹಿಡಿ ಮುರಿದಿದೆ. ಬರುವವರು ಮನೆಯಿಂದ ಒಂದು ತಂದರೆ ಅನುಕೂಲ. ಸೋಪು, ಫಿನಾಯಿಲ್ ಮುಟ್ಟದ ಬಕೆಟ್ ಆಗಿರಬೇಕು.